ರೇವಾವನ್ನು ತಪ್ಪಾಗಿ ಓದಿದವರು

ಹೊಸ ಎಲೆಕ್ಟ್ರಿಕ್ ಕಾರೊಂದು ಮಾರುಕಟ್ಟೆಗೆ ಬಂದಾಗಲೆಲ್ಲ ನಮ್ಮ ವಾಹನ ಅಂಕಣಗಳಲ್ಲಿ ಬೆಂಗಳೂರಿನ ಹಳೆಯ ಎಲೆಕ್ಟ್ರಿಕ್ ಕಾರು ರೇವಾದ ಹೆಸರು ಒಂದು ಸಲ ಬಂದುಹೋಗುತ್ತದೆ. ಬರುವುದು ಹೋಲಿಸಿ ಕೆಳಗಿಡುವುದಕ್ಕೆ. ಆಗಿನದು ಆಟಿಕೆ, ಈಗಿನದು ಕಾರು. ಆಗ 80 ಕಿಲೋಮೀಟರ್, ಈಗ 400. ಇಷ್ಟು ಬರೆದರೆ ಇತಿಹಾಸ ಮುಗಿಯಿತು. ಈ ತೀರ್ಪು ವರ್ಷಗಳಿಂದ ಒಬ್ಬರ ಬರಹದಿಂದ ಇನ್ನೊಬ್ಬರ ಬರಹಕ್ಕೆ ದಾಟುತ್ತಿದೆ. ಅದನ್ನು ತೆರೆದು ಪರೀಕ್ಷಿಸುವ ತಾಳ್ಮೆ ಯಾರಿಗೂ ಇದ್ದಂತಿಲ್ಲ. ನನ್ನ ವಾದ ಇದಕ್ಕೆ ನೇರ ವಿರುದ್ಧ. ದಿನನಿತ್ಯದ ಓಡಾಟಕ್ಕೆ ಎಲೆಕ್ಟ್ರಿಕ್ ಕಾರು ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಸರಿಯಾದ ತುದಿಯಿಂದ ಹಿಡಿದದ್ದು ರೇವಾ. ಕಾರಾಗಿ ಅದರಲ್ಲಿ ಕೊರತೆಗಳಿದ್ದವು, ಕೆಲವು ಗಂಭೀರವೇ ಆಗಿದ್ದವು. ಆದರೆ ಅದು ಪ್ರಶ್ನೆಯನ್ನು ಎತ್ತಿಕೊಂಡ ಕ್ರಮವನ್ನು ನಾವು ಕೈಬಿಟ್ಟದ್ದರಿಂದಲೇ ಇಂದು ಕಾರು ಕೊಳ್ಳುವವರು ಗೊಂದಲದಲ್ಲಿದ್ದಾರೆ.

ಬೊಮ್ಮಸಂದ್ರದ ಕಾರ್ಖಾನೆ, ಸ್ಥಾಪಕ ಚೇತನ್ ಮೈನಿಯವರ ಹಟ, ಅಮೆರಿಕದ ಅಮೆರಿಗಾನ್ ಕಂಪನಿಯ ಜೊತೆಗಿನ 1994ರ ಪಾಲುದಾರಿಕೆ, 2001ರ ಬಿಡುಗಡೆ, ಲಂಡನ್ನಿನಲ್ಲಿ ಜಿ-ವಿಜ್ ಹೆಸರಿನಲ್ಲಿ ಸಿಕ್ಕ ಮನ್ನಣೆ, 2010ರಲ್ಲಿ ಮಹೀಂದ್ರಾ ತೆಕ್ಕೆಗೆ ಹೋದದ್ದು: ಇದೆಲ್ಲ ಓದುಗರಿಗೆ ಗೊತ್ತಿರುವ ಕತೆ. ನಾವು ನಿಂತು ನೋಡಬೇಕಾದದ್ದು ಆ ಕಾರಿನ ಬ್ಯಾಟರಿ ಮತ್ತು ಪ್ಲಗ್ಗಿನ ನಡುವಿನ ಸಂಬಂಧವನ್ನು.

ಮುಂದಿನ ಸೀಟುಗಳ ಅಡಿಯಲ್ಲಿ 6 ವೋಲ್ಟಿನ ಎಂಟು ಲೆಡ್-ಆ್ಯಸಿಡ್ ಬ್ಯಾಟರಿಗಳು; ಸಾಲಾಗಿ ಜೋಡಿಸಿದರೆ 48 ವೋಲ್ಟ್, 200 ಆಂಪಿಯರ್-ಅವರ್. ಗುಣಿಸಿದರೆ 9.6 ಕಿಲೋವ್ಯಾಟ್-ಅವರ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಹತ್ತು ಯೂನಿಟ್ಟಿಗೂ ಕಡಿಮೆ. ಇದನ್ನು ತುಂಬುವ ಚಾರ್ಜರ್ ಕಾರಿನೊಳಗೇ ಇತ್ತು. ಹೊರಗೆ ಬೇಕಾದದ್ದು ಗೀಸರಿಗೆ ಹಾಕಿಸುವಂಥ 15 ಆಂಪಿಯರ್ ಸಾಕೆಟ್ ಒಂದೇ. ಅಂಥ ಸಾಕೆಟ್ಟಿನಿಂದ ಗಂಟೆಗೆ ಎರಡು ಯೂನಿಟ್ಟಿನಂತೆ ಎಳೆದುಕೊಂಡರೂ, ಚಾರ್ಜ್ ಆಗುವಾಗ ಸೋರಿಹೋಗುವ ಪಾಲನ್ನು ಸೇರಿಸಿಕೊಂಡರೂ, ಮನೆಯವರು ಮಲಗಿ ಏಳುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತದೆ. ಈ ಎರಡು ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಸೀಸದ ಭಾರವೇ ಸುಮಾರು ಕಾಲು ಟನ್ ಇದ್ದದ್ದರಿಂದ ಬ್ಯಾಟರಿಯನ್ನು ಇನ್ನೂ ದೊಡ್ಡದು ಮಾಡಲು ಆಗುತ್ತಿರಲಿಲ್ಲ ಎಂಬುದು ನಿಜ. ಆದರೆ ಆ ಮಿತಿಯೊಳಗೆ ಸಿಕ್ಕ ಪರಿಹಾರ ಅಚ್ಚುಕಟ್ಟಾದದ್ದು: ಒಂದು ರಾತ್ರಿಯಲ್ಲಿ ಸಾಮಾನ್ಯ ಮನೆಯ ಗೋಡೆ ಎಷ್ಟು ಕೊಡಬಲ್ಲದೋ ಅಷ್ಟರೊಳಗೆ ಕಾರಿನ ಹಸಿವು ಮುಗಿಯುತ್ತದೆ. ಹಗಲಿನ ಓಟವನ್ನು ರಾತ್ರಿಯ ನಿಲುಗಡೆಯಿಂದ ಹಿಂದಕ್ಕೆ ಲೆಕ್ಕಹಾಕಿ ಕಟ್ಟಿದ ವಾಹನ ಅದು.

ಈಗ ಕಂಪನಿ ಹೇಳಿಕೊಂಡ 80 ಕಿಲೋಮೀಟರಿನ ಮಾತು. ಅಷ್ಟು ದೂರ ಅದು ಓಡುತ್ತಿರಲಿಲ್ಲ ಎಂದು ವಿಮರ್ಶಕರು ಬರೆದರು. ಸರಿ, ಆದರೆ ಏಕೆ ಓಡುತ್ತಿರಲಿಲ್ಲ ಎಂದು ಅವರು ವಿವರಿಸಲಿಲ್ಲ. ಲೆಡ್-ಆ್ಯಸಿಡ್ ಬ್ಯಾಟರಿಯ ಗುಣ ವಿಚಿತ್ರವಾದದ್ದು. ನಿಧಾನವಾಗಿ ಎಳೆದರೆ ತನ್ನೊಳಗಿನ ಶಕ್ತಿಯ ಬಹುಪಾಲನ್ನು ಕೊಡುತ್ತದೆ; ರಭಸವಾಗಿ ಎಳೆದರೆ, ಒಳಗೆ ಶಕ್ತಿ ಉಳಿದಿದ್ದರೂ ಕೈಯೆತ್ತುತ್ತದೆ. ಪೂರ್ತಿ ಬರಿದು ಮಾಡಿದಷ್ಟೂ ಅದರ ಆಯಸ್ಸು ಕುಗ್ಗುತ್ತದೆ. ಹಾಗಾಗಿ ಆಕ್ಸಿಲರೇಟರನ್ನು ಕೊನೆಯವರೆಗೆ ತುಳಿದು, ಬ್ಯಾಟರಿ ಸಾಯುವವರೆಗೆ ಓಡಿಸಿ, ಬಂದ ಅಂಕಿಯನ್ನು ಅಚ್ಚುಹಾಕಿದ ಪರೀಕ್ಷೆ ಆ ಕಾರನ್ನು ಅದರ ಸ್ವಭಾವಕ್ಕೆ ವಿರುದ್ಧವಾಗಿ ನಡೆಸಿದ ಪರೀಕ್ಷೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಬೆಂಗಳೂರಿನ ಸಂಚಾರ ಪೆಟ್ರೋಲ್ ಎಂಜಿನ್ನಿಗೆ ಶಿಕ್ಷೆ. ನಿಂತಾಗ ಏನನ್ನೂ ಸುಡದ, ಬ್ರೇಕಿನಲ್ಲಿ ಒಂದಿಷ್ಟನ್ನು ಮರಳಿ ಪಡೆಯುವ ರೇವಾಕ್ಕೆ ಅದೇ ಅನುಕೂಲ. ಬನಶಂಕರಿಯಿಂದ ಎಂ.ಜಿ. ರಸ್ತೆಗೆ ಹೋಗಿಬಂದರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ನಡುವೆ ಮಕ್ಕಳ ಶಾಲೆ, ತರಕಾರಿ, ಒಂದು ಆಸ್ಪತ್ರೆ ಭೇಟಿ ಸೇರಿದರೂ ನಲವತ್ತು ದಾಟುವ ದಿನಗಳು ಕಡಿಮೆ. ಕಾಗದದ 80 ಬಳಕೆಯಲ್ಲಿ 50ಕ್ಕೆ ಇಳಿದರೂ ಆ ದಿನ ಸುಖವಾಗಿ ಮುಗಿಯುತ್ತದೆ. ಬ್ಯಾಟರಿಯನ್ನು ತಳ ಮುಟ್ಟಿಸದೆ ಮನೆ ಸೇರುವುದೇ ಆ ಕಾರಿನ ಸರಿಯಾದ ಬಳಕೆಯಾಗಿತ್ತು.

ಇದೇ ಕಣ್ಣಿನಿಂದ ಇಂದಿನ ಅಂಕಿಗಳನ್ನು ನೋಡೋಣ. 2022ರಲ್ಲಿ ಟಾಟಾದ ಟಿಯಾಗೊ ಇವಿ ಬಂದಾಗ ಅದರ 24 ಕಿಲೋವ್ಯಾಟ್-ಅವರ್ ಬ್ಯಾಟರಿಗೆ ಕೊಟ್ಟ ರೇಂಜ್ 315 ಕಿಲೋಮೀಟರ್. ಭಾಗಿಸಿದರೆ ಯೂನಿಟ್ಟಿಗೆ 13 ಕಿಲೋಮೀಟರ್. ರೇವಾ ತನ್ನ ಬಗ್ಗೆ ಹೇಳಿಕೊಂಡದ್ದು ಯೂನಿಟ್ಟಿಗೆ 8 ಚಿಲ್ಲರೆ. ಪುಟ್ಟ, ಹಗುರ ರೇವಾಕ್ಕಿಂತ ಒಂದು ಟನ್ ಮೀರಿದ ಕಾರು ಒಂದೂವರೆ ಪಟ್ಟು ಮಿತವ್ಯಯಿಯಾದದ್ದು ಹೇಗೆ? ಲಿಥಿಯಂ ಬ್ಯಾಟರಿ, ಉತ್ತಮ ಮೋಟರು ಒಂದು ಕಾರಣ. ಪರೀಕ್ಷೆಯ ವಿಧಾನ ಇನ್ನೊಂದು. ನಮ್ಮ ಭಾರತೀಯ ಚಾಲನಾ ಚಕ್ರದ ನಗರ ಭಾಗ 1970ರ ಯುರೋಪಿನ ಚಕ್ರದಿಂದ ಇಳಿದುಬಂದದ್ದು: 195 ಸೆಕೆಂಡುಗಳ, ಸುಮಾರು ಒಂದು ಕಿಲೋಮೀಟರಿನ ತುಣುಕನ್ನು ನಾಲ್ಕು ಸಲ ಓಡಿಸುತ್ತಾರೆ, ವೇಗ 50 ಮೀರುವುದಿಲ್ಲ. ಹೆದ್ದಾರಿಯ ಭಾಗದಲ್ಲೂ 90ಕ್ಕೆ ನಿಲ್ಲುತ್ತದೆ. ಓಟ ನಡೆಯುವುದು ರೋಲರುಗಳ ಮೇಲೆ, ಎ.ಸಿ. ಆರಿಸಿಟ್ಟು. ಎ.ಸಿ. ಹಾಕಿಕೊಂಡು ನಾಲ್ಕು ಜನ ಕುಳಿತು ಓಡುವ ಕಾರು ಯೂನಿಟ್ಟಿಗೆ ಎಂಟರ ಆಸುಪಾಸು ಕೊಟ್ಟರೆ ಅದು ಒಳ್ಳೆಯ ಲೆಕ್ಕವೇ. ಆಗ 315 ಇನ್ನೂರರ ಹತ್ತಿರ ಬಂದು ನಿಲ್ಲುತ್ತದೆ. ಟಾಟಾ ಕಂಪನಿಯೇ ಈಗ ಸಿ75 ಎಂಬ ಎರಡನೆಯ, ಕಡಿಮೆ ಅಂಕಿಯನ್ನು ಕೊಡತೊಡಗಿದೆ. ಅದು ಸ್ವಾಗತಾರ್ಹ.

ಆದರೆ ನಮ್ಮ ವಿಮರ್ಶಕರು ಈ ಉಬ್ಬಿದ ಅಂಕಿಗೆ ಕೊಟ್ಟ ಚಿಕಿತ್ಸೆ ಕಾಯಿಲೆಯಷ್ಟೇ ಕೆಟ್ಟದ್ದು. ಕಾರನ್ನು ಬೆಂಗಳೂರು-ಮೈಸೂರು ಹೆದ್ದಾರಿಗೆ ಒಯ್ಯುತ್ತಾರೆ, ನೂರರ ವೇಗದಲ್ಲಿ ಬ್ಯಾಟರಿ ಮುಗಿಯುವವರೆಗೆ ಓಡಿಸುತ್ತಾರೆ, ಬಂದ ದೂರವನ್ನು ‘ನಿಜವಾದ ರೇಂಜ್’ ಎಂದು ಪ್ರಕಟಿಸುತ್ತಾರೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಐವತ್ತರಲ್ಲಿ ಇದ್ದದ್ದು ನೂರರಲ್ಲಿ ನಾಲ್ಕು ಪಟ್ಟಾಗುತ್ತದೆ. ಹಾಗಿರುವಾಗ ಆ ಅಂಕಿ ಯಾರಿಗೆ ನಿಜ? ತಿಂಗಳಿಗೊಮ್ಮೆ ಊರಿಗೆ ಹೋಗುವವರಿಗೆ, ಆ ಒಂದು ದಿನದ ಮಟ್ಟಿಗೆ. ಉಳಿದ ದಿನಗಳ ಬಗ್ಗೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಅಪರೂಪದ ದಿನವನ್ನು ಅಳೆದು, ಅದರ ಮೇಲೆ ದಿನನಿತ್ಯದ ತೀರ್ಪು ಬರೆಯುವುದು ವಿಮರ್ಶೆಯ ಮೂಲ ಶಿಸ್ತಿಗೇ ವಿರುದ್ಧ.

ಎಂಜಿ ಕಾಮೆಟ್ 2023ರಲ್ಲಿ ಬಂದಾಗ ಈ ದೋಷ ಎದ್ದು ಕಂಡಿತು. ಮೂರು ಮೀಟರಿಗಿಂತ ಚಿಕ್ಕದು, ಎರಡೇ ಬಾಗಿಲು, 17.3 ಕಿಲೋವ್ಯಾಟ್-ಅವರ್ ಬ್ಯಾಟರಿ, 3.3 ಕಿಲೋವ್ಯಾಟ್ ಚಾರ್ಜರ್, ಪೂರ್ತಿ ತುಂಬಲು ಏಳು ಗಂಟೆ. ರೇವಾ ಬರೆದ ಸೂತ್ರವೇ ಇದು, ಲಿಥಿಯಂನಲ್ಲಿ. ಅದರ ಮೇಲೆ ಹೊರಿಸಿದ ಮುಖ್ಯ ಆರೋಪ ಏನು? ಫಾಸ್ಟ್ ಚಾರ್ಜಿಂಗ್ ಇಲ್ಲ ಎಂಬುದು. ರಾತ್ರಿ ಮನೆಯಲ್ಲಿ ತುಂಬಿಸಿ ಹಗಲು ಊರೊಳಗೆ ಓಡಿಸುವ ಕಾರಿಗೆ ಹೆದ್ದಾರಿಯ ಫಾಸ್ಟ್ ಚಾರ್ಜರ್ ಯಾವ ಕೆಲಸಕ್ಕೆ ಎಂದು ಕೇಳಿದವರು ವಿರಳ. ಮನೆಯಲ್ಲಿ ಸಾಕೆಟ್ ಇಲ್ಲದವರಿಗೆ ಫಾಸ್ಟ್ ಚಾರ್ಜಿಂಗ್ ಬೇಕು ಎಂಬುದು ಒಪ್ಪತಕ್ಕ ವಾದವಾಗುತ್ತಿತ್ತು. ಆ ವಾದವನ್ನೂ ಅವರು ಮುಂದಿಡಲಿಲ್ಲ.

ಇನ್ನೊಂದು ಪಂಗಡವಿದೆ, ಎಲೆಕ್ಟ್ರಿಕ್ ಕಾರಿನ ಪ್ರಚಾರಕರದು. ಇವರ ಬರಹಗಳಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿಯ ಲೆಕ್ಕ ತಪ್ಪದೆ ಬರುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದು, ಎಂಟರಿಂದ ಭಾಗಿಸಿ, ಸೋರಿಕೆ ಸೇರಿಸಿದರೆ 90 ಪೈಸೆ, ಲೆಕ್ಕ ತಪ್ಪಲ್ಲ. ಆದರೆ ಅದು ತನ್ನದೇ ಮೀಟರಿನಿಂದ ತುಂಬಿಸಿಕೊಳ್ಳುವವರ ಲೆಕ್ಕ. ಸಾರ್ವಜನಿಕ ಫಾಸ್ಟ್ ಚಾರ್ಜರುಗಳಲ್ಲಿ ಹಲವು ಕಡೆ ಯೂನಿಟ್ಟಿಗೆ 20 ರೂಪಾಯಿ ಮೀರುತ್ತದೆ. ಖರ್ಚು ಕಿಲೋಮೀಟರಿಗೆ ಎರಡೂವರೆ ಮೂರು ರೂಪಾಯಿಗೆ ಏರುತ್ತದೆ, ಸರದಿಯಲ್ಲಿ ಕಾಯುವ ಹೊತ್ತು ಬೇರೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಹೆಚ್ಚುಕಡಿಮೆ ಏಳು ರೂಪಾಯಿ. ದಿನಕ್ಕೆ 40 ಕಿಲೋಮೀಟರಿನಂತೆ ತಿಂಗಳಿಗೆ ಸಾವಿರ ಓಡಿಸುವವರಿಗೆ ಮನೆಯ ಚಾರ್ಜಿಂಗಿನಿಂದ ಸುಮಾರು ಆರು ಸಾವಿರ ಉಳಿಯುತ್ತದೆ. ದಿನಕ್ಕೆ 10 ಮಾತ್ರ ಓಡಿಸುವವರಿಗೆ ಉಳಿಯುವುದು ಒಂದೂವರೆ ಸಾವಿರ. ಕಾರಿಗೆ ಎರಡು ಲಕ್ಷ ಹೆಚ್ಚು ಕೊಟ್ಟಿದ್ದರೆ ಆ ಹಣ ಮರಳಲು ಹತ್ತು ವರ್ಷ ದಾಟುತ್ತದೆ; ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ. ತೀರಾ ಕಡಿಮೆ ಓಡಿಸುವವರಿಗೆ ಎಲೆಕ್ಟ್ರಿಕ್ ಕಾರು ಹಣದ ಲೆಕ್ಕದಲ್ಲಿ ಹೊಂದುವುದಿಲ್ಲ ಎಂಬ ಈ ಸರಳ ಸತ್ಯ ಪ್ರಚಾರಕರ ಬರಹದಲ್ಲಿ ಕಾಣುವುದೇ ಇಲ್ಲ.

ರೇವಾದ ದೋಷಗಳನ್ನು ಮರೆಮಾಚುವ ಇರಾದೆ ನನಗಿಲ್ಲ. ಬ್ಯಾಟರಿಗಳನ್ನು ಸುಮಾರು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಿತ್ತು, ಆ ಖರ್ಚು ಪೆಟ್ರೋಲಿನ ಉಳಿತಾಯವನ್ನು ನುಂಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿಗಷ್ಟೇ ಜಾಗ. ಬೆಲೆ ಮಾರುತಿ 800ಕ್ಕಿಂತ ಹೆಚ್ಚು. ಎಲ್ಲಕ್ಕಿಂತ ದೊಡ್ಡದು ಸುರಕ್ಷತೆ. ಯುರೋಪಿನಲ್ಲಿ ಅದು ಕಾರೆಂದು ನೋಂದಣಿಯಾಗದೆ, ಬ್ಯಾಟರಿ ಬಿಟ್ಟು 400 ಕಿಲೋ ಮೀರದ ಕ್ವಾಡ್ರಿಸೈಕಲ್ ವರ್ಗಕ್ಕೆ ಸೇರಿತು. ಆ ವರ್ಗಕ್ಕೆ ಕಾರುಗಳ ಡಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಟಾಪ್ ಗಿಯರ್ ಪತ್ರಿಕೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಮಾಡಿಸಿದಾಗ ಒಳಗಿದ್ದವರು ಬದುಕುವುದು ಕಷ್ಟ ಎಂಬ ಚಿತ್ರ ಸಿಕ್ಕಿತು. ಆ ಪರೀಕ್ಷೆ ಜನರ ಹಿತಕ್ಕೆ ಮಾಡಿದ್ದು, ಮಾಡಲೇಬೇಕಿದ್ದದ್ದು. ಅದರ ಜೊತೆಗೇ ನಡೆದ ತಪ್ಪೊಂದನ್ನೂ ಹೇಳಬೇಕು. ಕಾರಿನ ಒಡಲಿನ ಮೇಲೆ ಬಂದ ತೀರ್ಪನ್ನು ಕಾರಿನ ವಿಚಾರದ ಮೇಲೂ ಹೇರಿದರು. ದುರ್ಬಲವಾಗಿದ್ದದ್ದು ಒಡಲು. ರಾತ್ರಿಯ ಸಾಕೆಟ್ಟಿಗೆ ತಕ್ಕಂತೆ ಹಗಲಿನ ಓಟವನ್ನು ಹೊಂದಿಸುವ ವಿಚಾರದಲ್ಲಿ ಯಾವ ದೌರ್ಬಲ್ಯವೂ ಆ ಪರೀಕ್ಷೆಯಿಂದ ಸಾಬೀತಾಗಲಿಲ್ಲ.

ಆ ವಿಚಾರವನ್ನು ಇಂದಿನ ಕರ್ನಾಟಕಕ್ಕೆ ಹಚ್ಚಿದರೆ ಎಲೆಕ್ಟ್ರಿಕ್ ಕಾರು ಮಹಾನಗರದ ವಾಹನ ಎಂಬ ನಂಬಿಕೆಯೇ ಅಲುಗುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅರ್ಧದಷ್ಟು ಕಾರುಗಳು ರಸ್ತೆಯ ಬದಿಯಲ್ಲೇ ರಾತ್ರಿ ಕಳೆಯುವ ಬೀದಿಗಳಿವೆ. ಮೊದಲ ಮಹಡಿಯ ಬಾಡಿಗೆದಾರರು ಫುಟ್‌ಪಾತ್ ಮೇಲೆ ವೈರ್ ಎಳೆಯುವುದು ಅಪಾಯ, ಅದನ್ನು ಯಾರೂ ಮಾಡಬಾರದು. ಅಪಾರ್ಟ್‌ಮೆಂಟುಗಳಲ್ಲಿ ಮನೆಯ ಚಾರ್ಜಿಂಗಿಗೆ ಸರ್ಕಾರದ ಅನುಮತಿ ಇದ್ದರೂ, ಬೇಸ್‌ಮೆಂಟಿಗೆ ಪ್ರತ್ಯೇಕ ಲೈನ್ ಎಳೆಸಲು ಸಂಘದ ಒಪ್ಪಿಗೆಗೆ ಅಲೆಯಬೇಕು. ಹಾಸನದಲ್ಲೋ ದಾವಣಗೆರೆಯಲ್ಲೋ ಕಾಂಪೌಂಡು, ಪೋರ್ಟಿಕೊ, ತನ್ನದೇ ಮೀಟರು, ಸರಿಯಾದ ಅರ್ತಿಂಗ್ ಇರುವ ಮನೆಗೆ ಈ ಯಾವ ತೊಡಕೂ ಇಲ್ಲ. ಕರೆಂಟು ಎರಡು ಗಂಟೆ ಹೋದರೂ ರಾತ್ರಿ ಉದ್ದವಿದೆ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡಾಡುವ ಅಲ್ಲಿಯ ಡಾಕ್ಟರು, ಕಾಲೇಜು ಅಧ್ಯಾಪಕರು, ತೋಟಕ್ಕೆ ಹೋಗಿಬರುವವರು ಈ ಕಾರಿನ ನಿಜವಾದ ಬಳಕೆದಾರರು. 2017ರಲ್ಲೇ ದೇಶದಲ್ಲಿ ಮೊದಲಿಗೆ ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯದಲ್ಲಿ ಇವರಿಗಾಗಿ ಬರೆದ ವಿಮರ್ಶೆಯನ್ನು ಹುಡುಕಿ ತೆಗೆಯಬೇಕಾಗಿದೆ.

ನನ್ನ ತೀರ್ಪು ಇಷ್ಟು. ಸ್ವಂತ ಜಾಗದಲ್ಲಿ ಸ್ವಂತ ಮೀಟರಿನ ಸಾಕೆಟ್ ಇದ್ದು, ದಿನದ ಓಟ ಮೂವತ್ತರಿಂದ ನೂರರ ನಡುವೆ ಇದ್ದರೆ ಇಂದಿನ ಅತ್ಯಂತ ಚಿಕ್ಕ ಬ್ಯಾಟರಿಯ ಕಾರೂ ಸಾಕು. ವರ್ಷಕ್ಕೆ ನಾಲ್ಕು ಸಲದ ದೂರದ ಪ್ರಯಾಣಕ್ಕಾಗಿ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ದೊಡ್ಡ ಬ್ಯಾಟರಿ ಹೊರುವ ಅಗತ್ಯವಿಲ್ಲ, ಆ ದಿನಗಳಿಗೆ ರೈಲಿದೆ, ಬಾಡಿಗೆ ಕಾರಿದೆ. ಸಾಕೆಟ್ ಇಲ್ಲದಿದ್ದರೆ 500 ಕಿಲೋಮೀಟರ್ ರೇಂಜಿನ ಕಾರೂ ದಿನನಿತ್ಯಕ್ಕೆ ಕಿರಿಕಿರಿಯೇ. ಅಂಥವರು ಸದ್ಯಕ್ಕೆ ಕಾಯುವುದು ಒಳ್ಳೆಯದು. ವಿಮರ್ಶಕರು ಕಾರಿನ ರೇಂಜ್ ಬರೆಯುವ ಮೊದಲು ಸಾಮಾನ್ಯ 15 ಆಂಪಿಯರ್ ಸಾಕೆಟ್ಟಿನಿಂದ ಎಂಟು ಗಂಟೆಯಲ್ಲಿ ಆ ಕಾರಿಗೆ ಎಷ್ಟು ಕಿಲೋಮೀಟರ್ ತುಂಬುತ್ತದೆ ಎಂಬುದನ್ನು ಅಳೆದು ಬರೆಯಲಿ. ಕೊಳ್ಳುವವರು ಶೋರೂಮಿನಲ್ಲಿ ಮೊದಲು ಕೇಳಬೇಕಾದ ಅಂಕಿಯೂ ಅದೇ.