ಲಾಡ್ಲಿಯ ಪೂರಿ

ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳುವವರು ಇಬ್ಬರಿದ್ದಾರೆ. ಒಬ್ಬಳು ಅಕ್ಕನ ಮಗಳು, ನಾಲ್ಕು ವರ್ಷದವಳು. ಇನ್ನೊಬ್ಬರು 83ರ ಅಜ್ಜಿ. ಮಗುವಿನ ಪ್ರಶ್ನೆ, ‘ಹಲ್ಲಿ ಯಾಕೆ ಗೋಡೆಯಿಂದ ಬೀಳಲ್ಲ?’ ಅಜ್ಜಿಯ ಪ್ರಶ್ನೆ, ‘ನಿನ್ನ ಓದು ಯಾವಾಗ ಮುಗಿಯುತ್ತೆ?’ ಪಿಎಚ್‌.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಬರೆಯುತ್ತೇನೆಂದು ಊರಿಗೆ ಬಂದು ಎರಡು ತಿಂಗಳಾದರೂ ಎರಡು ಪುಟ ದಾಟದ ನನಗೆ ಈ ಎರಡನೆಯ ಪ್ರಶ್ನೆ ಎಲ್ಲಿ ತಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಲ್ಲಿಗೆ ಪ್ರತಿಸಲವೂ ಒಂದೊಂದು ಹೊಸ ಉತ್ತರ ಕಟ್ಟುತ್ತೇನೆ. ಅಜ್ಜಿಗೆ ಮೂರನೆಯ ಸಲಕ್ಕೆ, ‘ಆಗಲೇ ಹೇಳಿದೆನಲ್ಲ’ ಎಂದುಬಿಡುತ್ತೇನೆ. ಅಮ್ಮ ಒಳಗಿನಿಂದ, ‘ವಯಸ್ಸಾದವರು ಮಕ್ಕಳ ಹಾಗೇ ಅಲ್ವಾ, ಸ್ವಲ್ಪ ತಾಳ್ಮೆ ಇರಲಿ’ ಅನ್ನುತ್ತಾರೆ.

ನನ್ನ ತಕರಾರು ಈ ಮಾತಿನ ಬಗ್ಗೆ. ಅಜ್ಜಿ ನಿಜಕ್ಕೂ ಮಗುವಿನ ಹಾಗೇ ಇದ್ದಿದ್ದರೆ, ತಾಳ್ಮೆ ತಂದುಕೋ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಮುಪ್ಪು ಎರಡನೆಯ ಬಾಲ್ಯ ಎಂಬುದು ಎಷ್ಟು ಸವೆದ ಹೋಲಿಕೆಯೆಂದರೆ, ನಾವದನ್ನು ಹೋಲಿಕೆ ಎಂದೇ ತಿಳಿಯುವುದಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಸ್ವಲ್ಪ ಒರಟಾದರೂ ಹೆಚ್ಚು ಪ್ರಾಮಾಣಿಕ. ಅದು ಕನಿಷ್ಠ ಮುದ್ದು ಮಾಡುವ ನಾಟಕ ಆಡುವುದಿಲ್ಲ. (ಭೈರಪ್ಪನವರ ‘ಗೃಹಭಂಗ’ದ ಗಂಗಮ್ಮನನ್ನು ಓದಿದವರು ಯಾರಾದರೂ ಆಕೆಯನ್ನು ಮಗುವಿಗೆ ಹೋಲಿಸಿಯಾರೆ?) ಈ ಹೋಲಿಕೆಯನ್ನು ಇಟ್ಟುಕೊಂಡೇ ಹೊರಟು, ನಡುವೆ ಅದನ್ನು ಮುರಿದು ಹಾಕುವ ಒಂದು ಕಥೆ ನನಗೆ ಗೊತ್ತು. ಅದು ಪ್ರೇಮಚಂದರ ‘ಬೂಢಿ ಕಾಕಿ’.

ನೂರು ವರ್ಷ ದಾಟಿದ ಕಥೆಯಿದು. ಗಂಡನೂ ಮಕ್ಕಳೂ ತೀರಿಹೋದ ಮುದುಕಿ ತನ್ನ ಆಸ್ತಿಯನ್ನೆಲ್ಲ ಬುದ್ಧಿರಾಮನೆಂಬ ಸಂಬಂಧಿಯ ಹೆಸರಿಗೆ ಬರೆದುಕೊಟ್ಟಿದ್ದಾಳೆ. ಬರೆಸಿಕೊಳ್ಳುವಾಗ ಆಡಿದ ಮಾತುಗಳು ಆಮೇಲೆ ಉಳಿದಿಲ್ಲ; ಹೊಟ್ಟೆ ತುಂಬ ಊಟವೂ ಇಲ್ಲ. ಹಸಿವಾದರೆ ಕಾಕಿ ಗಟ್ಟಿಯಾಗಿ ಅಳುತ್ತಾಳೆ. ಮನೆಯ ಹುಡುಗರಲ್ಲಿ ಒಬ್ಬ ಚಿವುಟಿ ಓಡಿದರೆ ಇನ್ನೊಬ್ಬ ಬಾಯಲ್ಲಿನ ನೀರನ್ನು ಅವಳ ಮೇಲೆ ಉಗುಳುತ್ತಾನೆ. ಮಕ್ಕಳೆಂದರೆ ದೇವರು ಎನ್ನುವ ಇನ್ನೊಂದು ಸವೆದ ಮಾತಿಗೂ ಇಲ್ಲಿ ಜಾಗವಿಲ್ಲ. ಆ ಮನೆಯಲ್ಲಿ ಕಾಕಿಯನ್ನು ಹಚ್ಚಿಕೊಂಡವಳು ಪುಟ್ಟ ಹುಡುಗಿ ಲಾಡ್ಲಿ ಒಬ್ಬಳೇ.

ಯಾಕೆ ಹಚ್ಚಿಕೊಂಡಿದ್ದಾಳೆ ಎಂಬುದರಲ್ಲಿ ಪ್ರೇಮಚಂದರ ಕಣ್ಣು ಕಾಣುತ್ತದೆ. ಅಣ್ಣಂದಿರು ತಿಂಡಿ ಕಿತ್ತುಕೊಳ್ಳುತ್ತಾರೆಂದು ಲಾಡ್ಲಿ ತನ್ನ ಪಾಲನ್ನು ಕಾಕಿಯ ಹತ್ತಿರ ಕೂತು ತಿನ್ನುತ್ತಾಳೆ. ಕಾಕಿಯ ನಾಲಿಗೆಯ ಚಪಲಕ್ಕೆ ಅಲ್ಲಿಯೂ ಸ್ವಲ್ಪ ಕಳೆದುಕೊಳ್ಳಬೇಕು. ಆದರೂ ಅಣ್ಣಂದಿರ ಅನ್ಯಾಯಕ್ಕಿಂತ ಇದು ಅಗ್ಗ. ಅಂದರೆ ಇವರ ಸ್ನೇಹ ಶುರುವಾಗುವುದೇ ಒಂದು ವ್ಯಾಪಾರದಿಂದ. ಮಗು ಮತ್ತು ಮುದುಕಿಯನ್ನು ಒಟ್ಟಿಗೆ ಕೂರಿಸಿದ್ದು ಅವರ ಸ್ವಭಾವ ಅಲ್ಲ, ಮನೆಯಲ್ಲಿ ಅವರಿಗಿರುವ ಸ್ಥಾನ. ಇಬ್ಬರ ಮಾತೂ ಅಲ್ಲಿ ನಡೆಯುವುದಿಲ್ಲ, ಇಬ್ಬರ ಕೈಯಲ್ಲೂ ಬೀಗದ ಕೈ ಇಲ್ಲ. ಮಗುವಿನ ಕೈಗೆ ಅದು ಮುಂದೆ ಬಂದೀತು. ಮುದುಕಿ ಅದನ್ನು ಕೊಟ್ಟು ಕೂತಿದ್ದಾಳೆ. ಮಗುವಿಗೆ ಮಾಡಿದ್ದನ್ನು ನಾವು ಕೊಟ್ಟದ್ದು ಎಂದುಕೊಳ್ಳುತ್ತೇವೆ. ಮುದುಕರಿಗೆ ಮಾಡುವುದು ಸಾಲ ತೀರಿಸುವುದು. ಸಾಲ ಕೊಟ್ಟವರ ಮುಖ ನೋಡಲು ಯಾರಿಗೆ ಇಷ್ಟ?

ಮನೆಯಲ್ಲಿ ದೊಡ್ಡ ಮಗನ ತಿಲಕ. ಅಂಗಳದಲ್ಲಿ ಪೂರಿ ಕರಿಯುತ್ತಿದ್ದಾರೆ, ವಾಸನೆ ಕಾಕಿಯ ಕೋಣೆಗೆ ಬರುತ್ತಿದೆ. ಅವಳು ತೆವಳಿಕೊಂಡು ಬಾಣಲೆಯ ಹತ್ತಿರ ಬಂದು ಕೂರುತ್ತಾಳೆ. ಬುದ್ಧಿರಾಮನ ಹೆಂಡತಿ ರೂಪಾ ಎಲ್ಲರೆದುರು ಬೈಯುತ್ತಾಳೆ. ಇಲ್ಲಿಯವರೆಗೆ ಬೇಕಾದರೆ ಕಾಕಿಯನ್ನು ಮಗು ಎನ್ನಿ. ಮುಂದಿನ ಭಾಗವನ್ನು ನಿಧಾನವಾಗಿ ಓದಬೇಕು. ಕೋಣೆಗೆ ಮರಳಿದ ಕಾಕಿಗೆ ರೂಪಾಳ ಮೇಲೆ ಸಿಟ್ಟು ಬರುವುದಿಲ್ಲ, ತಾನು ಆತುರಪಟ್ಟೆನಲ್ಲ ಎಂದು ನಾಚಿಕೆಯಾಗುತ್ತದೆ. ಅತಿಥಿಗಳದು ಮುಗಿಯದೆ ಮನೆಯವರಿಗೆ ಬಡಿಸುವುದಿಲ್ಲ ಎಂಬ ರೀತಿ ಅವಳಿಗೆ ಗೊತ್ತು. ಈಗ ಕೂತಿರಬಹುದು, ಈಗ ಎದ್ದಿರಬಹುದು ಎಂದು ಲೆಕ್ಕ ಹಾಕುತ್ತಾಳೆ. ಹಸಿದ ಮಗುವಿಗೆ ಈ ಲೆಕ್ಕವಿಲ್ಲ. ತನ್ನ ಹಸಿವಿಗೆ ತಾನೇ ನಾಚುವ ಮಗುವನ್ನು ನಾನು ನೋಡಿಲ್ಲ. ಕಾಕಿಯ ಹಸಿವಿನ ಹಿಂದೆ ಅವಳೇ ಬಡಿಸಿದ ಎಷ್ಟೋ ಊಟಗಳಿವೆ, ಬರೆದುಕೊಟ್ಟ ಆಸ್ತಿಯ ಪತ್ರವಿದೆ.

ಲೆಕ್ಕ ತಪ್ಪುತ್ತದೆ. ಎರಡನೆಯ ಸಲ ತೆವಳಿ ಬಂದಾಗ ಪಂಕ್ತಿ ಇನ್ನೂ ಎದ್ದಿರುವುದಿಲ್ಲ. ಬುದ್ಧಿರಾಮ ಅವಳನ್ನು ಎಳೆದೊಯ್ದು ಕತ್ತಲ ಕೋಣೆಯಲ್ಲಿ ಕೆಡವುತ್ತಾನೆ.

ಕಥೆಯ ಕೊನೆಯಲ್ಲಿ ಪ್ರೇಮಚಂದರು ಮತ್ತೆ ಹಳೆಯ ಹೋಲಿಕೆಗೇ ಮರಳುತ್ತಾರೆ. ಪಶ್ಚಾತ್ತಾಪಪಟ್ಟ ರೂಪಾ ತಂದಿಟ್ಟ ತಟ್ಟೆಯ ಮುಂದೆ ಕಾಕಿ ಎಲ್ಲ ಮರೆತು ಮಗುವಿನಂತೆ ಉಣ್ಣುತ್ತಾಳೆ. ನನಗಿದು ಒಪ್ಪಿಗೆಯಾಗಿಲ್ಲ. ಕಾಕಿ ಮರೆತಳೆಂದರೆ ರೂಪಾಳಿಗೆ ಬಿಡುಗಡೆ, ಓದುಗರಿಗೂ ಬಿಡುಗಡೆ. ಮಗು ಎಂದು ಕರೆಯುವುದರ ಲಾಭವೇ ಇದು: ಅವರಿಗೆ ನೆನಪಿಲ್ಲ ಎಂದು ನಂಬಿಕೊಳ್ಳಬಹುದು.

1933ರ ‘ಈದ್‌ಗಾಹ್’ ಇದಕ್ಕಿಂತ ಹೆಚ್ಚು ಜನ ಓದಿದ ಕಥೆ. ಮೂರು ಪೈಸೆಯಲ್ಲಿ ಅಜ್ಜಿ ಅಮೀನಾಳಿಗೆ ಇಕ್ಕಳ ತಂದ ಹಮೀದನನ್ನು ನಾವೆಲ್ಲ ತ್ಯಾಗದ ಪಾಠವಾಗಿ ಓದಿದ್ದೇವೆ. ಅಲ್ಲಿ ಕೊನೆಗೆ ಹುಡುಗ ಮುದುಕನಾಗುತ್ತಾನೆ, ಮುದುಕಿ ಹುಡುಗಿಯಾಗಿ ಅಳುತ್ತಾಳೆ. ಸುಂದರವಾದ ತಿರುವು, ನಿಜ. ಆದರೆ ಆಟಿಕೆ ಕೊಳ್ಳಲಾರದೆ ಹೋದ ನಾಲ್ಕೈದು ವರ್ಷದ ಹುಡುಗನ ಬಾಲ್ಯ ಏನಾಯಿತು ಎಂದು ನನ್ನ ಶಾಲೆಯಲ್ಲಂತೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಇಕ್ಕಳದ ಉಪಯೋಗಗಳನ್ನು ಬರೆದು ಅಂಕ ತೆಗೆದುಕೊಂಡೆ.

ಕನ್ನಡದಲ್ಲಿ ಈ ಹೋಲಿಕೆಯಿಂದ ತಪ್ಪಿಸಿಕೊಂಡ ಮುದುಕಿಯೆಂದರೆ ಕಾರಂತರ ಮೂಕಜ್ಜಿ. 1968ರ ಆ ಕಾದಂಬರಿಯ ಬಗ್ಗೆ ಚರ್ಚೆಯೆಲ್ಲ ಅಜ್ಜಿಗೆ ಕಾಣುವ ದೃಶ್ಯಗಳ ಸುತ್ತ, ದೇವರು ಮತ್ತು ಕಾಮದ ಬಗೆಗಿನ ಅವಳ ಮಾತುಗಳ ಸುತ್ತ ನಡೆಯುತ್ತದೆ. ನನಗೆ ಈಚೆಗೆ ಹೆಚ್ಚು ಕಾಡುವವನು ಮೊಮ್ಮಗ ಸುಬ್ಬರಾಯ. ಅವನು ಅಜ್ಜಿಯ ಹತ್ತಿರ ಕೂತು ಪ್ರಶ್ನೆ ಕೇಳುತ್ತಾನೆ. ಎಲ್ಲೋ ಸಿಕ್ಕ ವಸ್ತುವನ್ನು ಅವಳ ಕೈಯಲ್ಲಿಟ್ಟು ಏನು ಕಾಣುತ್ತದೆ ಹೇಳು ಎನ್ನುತ್ತಾನೆ. ಅವಳ ಮಾತನ್ನು ಪೂರ್ತಿ ನಂಬುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಬಾಲ್ಯದಲ್ಲೇ ವಿಧವೆಯಾಗಿ ಮೂಕಿ ಎನಿಸಿಕೊಂಡವಳು ಇವನ ಮುಂದೆ ಬಾಯಿ ಬಿಡುತ್ತಾಳೆ. ಕೇಳುವವನು ಮಗುವಾಗಿದ್ದರೆ ಅದೆಲ್ಲ ಅಜ್ಜಿಕಥೆಯಾಗಿಬಿಡುತ್ತಿತ್ತು. ವಯಸ್ಕನೊಬ್ಬ ತನಗೆ ಗೊತ್ತಿಲ್ಲದ್ದನ್ನು ತಿಳಿಯಲು ಕೇಳುತ್ತಿದ್ದಾನೆ ಎಂಬುದರಿಂದಲೇ ಅದಕ್ಕೆ ತೂಕ.

ನಾನು ಅಜ್ಜಿಗೆ ಕೇಳುವ ಪ್ರಶ್ನೆಗಳನ್ನು ಒಂದು ದಿನ ಎಣಿಸಿದೆ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಫ್ಯಾನ್ ಹಾಕಲಾ. ಮೂರೇ. ಮೂರಕ್ಕೂ ಹೌದು ಅಥವಾ ಇಲ್ಲ ಎಂದರೆ ಮುಗಿಯಿತು. ಮಗುವನ್ನಾದರೆ, ನೀನು ಬರೆದ ಈ ಪ್ರಾಣಿ ಯಾವುದು, ಇದಕ್ಕೆ ಐದು ಕಾಲು ಯಾಕೆ ಎಂದೆಲ್ಲ ಕೇಳುತ್ತೇನೆ.

ಮತ್ತೆ ಲಾಡ್ಲಿಗೆ ಬರುತ್ತೇನೆ, ಯಾಕೆಂದರೆ ಆ ರಾತ್ರಿ ಅವಳು ಮಾಡಿದ್ದು ಸಣ್ಣದಲ್ಲ. ತನ್ನ ಪಾಲಿನ ಪೂರಿಗಳನ್ನು ತಿನ್ನದೆ ಗೊಂಬೆಗಳ ಪೆಟ್ಟಿಗೆಯಲ್ಲಿ ಅಡಗಿಸಿಟ್ಟು, ಅಮ್ಮ ಮಲಗುವುದನ್ನೇ ಕಾದು, ಕತ್ತಲಲ್ಲಿ ಕಾಕಿಗೆ ತಂದುಕೊಡುತ್ತಾಳೆ. ಮೊದಲಿನ ವ್ಯಾಪಾರ ಇಲ್ಲಿಗೆ ಮುಗಿಯಿತು. ಈ ಪೂರಿಗಳಿಗೆ ಪ್ರತಿಯಾಗಿ ಅವಳಿಗೆ ಏನೂ ಸಿಗುವುದಿಲ್ಲ. ಅಷ್ಟು ಪೂರಿ ಕಾಕಿಯ ಹಸಿವನ್ನು ಇನ್ನಷ್ಟು ಕೆರಳಿಸುತ್ತದೆ. ಅತಿಥಿಗಳು ಉಂಡ ಜಾಗಕ್ಕೆ ಕರೆದುಕೊಂಡು ಹೋಗು ಎನ್ನುತ್ತಾಳೆ. ಮಗುವಿಗೆ ಯಾಕೆಂದು ತಿಳಿಯದು. ಕೈ ಹಿಡಿದು ಕರೆದೊಯ್ದು ಎಂಜಲೆಲೆಗಳ ಹತ್ತಿರ ಕೂರಿಸುತ್ತಾಳೆ. ಕಾಕಿ ಎಲೆಗಳಿಂದ ಚೂರುಗಳನ್ನು ಹೆಕ್ಕಿ ತಿನ್ನತೊಡಗುತ್ತಾಳೆ. ಎಚ್ಚರಗೊಂಡ ರೂಪಾ ಬಂದು ನೋಡಿದಾಗ ಲಾಡ್ಲಿ ಅಲ್ಲಿ ಸುಮ್ಮನೆ ನಿಂತಿದ್ದಾಳೆ.

ಅಲ್ಲಿಂದ ಮುಂದೆ ಕಥೆಯೆಲ್ಲ ರೂಪಾಳದು, ಅವಳ ಭಯ, ಅವಳ ಪಶ್ಚಾತ್ತಾಪ. ಆ ಹುಡುಗಿ ಏನು ನೋಡಿದಳು, ಏನೆಂದುಕೊಂಡಳು ಎಂದು ಪ್ರೇಮಚಂದರು ಹೇಳುವುದಿಲ್ಲ. ನನಗೀಗ 28. ಲಾಡ್ಲಿಗೆ ಇಷ್ಟು ವಯಸ್ಸಾಗುವ ಹೊತ್ತಿಗೆ ಆ ಮನೆಯ ಕೋಣೆಯಲ್ಲಿ ರೂಪಾ ಮುದುಕಿಯಾಗುತ್ತಿರುತ್ತಾಳೆ. ಆಗ ಅವಳು ಹತ್ತಿರ ಕೂತು ಏನಾದರೂ ಕೇಳುತ್ತಿದ್ದಳೆ, ಅಥವಾ ಅವಳೂ ನನ್ನ ಹಾಗೆ ‘ಆಗಲೇ ಹೇಳಿದೆನಲ್ಲ’ ಅನ್ನುತ್ತಿದ್ದಳೆ?