ಒಗ್ಗರಣೆಗೂ ಕಟ್ಟು

ನಗರಳ್ಳಿಯ ಸಬ್ಬಮ್ಮ ದೇವಿಯ ಸುಗ್ಗಿ ಹಬ್ಬ ಇರಲಿ, ಕೊಡಗಿನ ಸೋಮವಾರಪೇಟೆ ಸೀಮೆಯ ಬೇರೆ ಊರಿನ ಸುಗ್ಗಿ ಇರಲಿ, ಹಬ್ಬದ ದಿನಗಳ ಕಟ್ಟುಪಾಡಾದ ‘ಕಟ್ಟು’ ಬಿತ್ತೆಂದರೆ ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ. ಮನೆಯಲ್ಲಿ ಒಗ್ಗರಣೆಯನ್ನೂ ಹಾಕುವಂತಿಲ್ಲ. ಹೂಮಳೆ ಮುಗಿದು ಕಾಫಿ ತೋಟದವರಿಗೆ ಮರಗಸಿಯ, ಅಂದರೆ ನೆರಳುಮರದ ಕೊಂಬೆ ಸವರುವ, ಯೋಚನೆ ಹತ್ತುವ ಕಾಲ ಅದು. ಆದರೂ ಕಾಯುತ್ತಾರೆ. ಅರಣ್ಯ ಕಾಯ್ದೆಗೆ ಜಗ್ಗದವರೂ ಇದಕ್ಕೆ ಜಗ್ಗುತ್ತಾರೆ.

ಇದನ್ನು ಹಿರಿಯರ ಪರಿಸರಪ್ರಜ್ಞೆ ಎಂದು ಕೊಂಡಾಡುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮರದ ಮೇಲಿನ ಪ್ರೀತಿಗಿಂತ ಇಲ್ಲಿ ಹೆಚ್ಚು ಕೆಲಸ ಮಾಡುವುದು ಊರಿನ ಕಿವಿ ಮತ್ತು ಮೂಗು. ಕೊಡಲಿಯ ಏಟು ಎದುರು ಗುಡ್ಡಕ್ಕೆ ಕೇಳುತ್ತದೆ. ಸಾಸಿವೆ ಸಿಡಿದರೆ ಬೇಲಿಯಾಚೆಗೆ ಗೊತ್ತಾಗುತ್ತದೆ. ತಪ್ಪಿದವರು ಯಾರೆಂದು ಹೇಳಲು ಗಾರ್ಡ್ ಬೇಕಿಲ್ಲ. (ಒಗ್ಗರಣೆಯಿಲ್ಲದ ಸಾರನ್ನು ಮನೆಮಂದಿಗೆ ಒಪ್ಪಿಸುವ ಪಾಡು ಮಾತ್ರ ಹೆಂಗಸರದ್ದೇ.)

‘ನಮ್ಮವರು ಹೀಗೆ ಮಾಡುತ್ತಾರೆ’ ಎಂಬುದರ ಬಲ ಅಮೆರಿಕದ ಹೋಟೆಲೊಂದರಲ್ಲೂ ಕಂಡಿದೆ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ‘ಪರಿಸರ ಉಳಿಸಿ’ ಎಂಬ ಚೀಟಿಗಿಂತ ‘ಇದೇ ಕೋಣೆಯಲ್ಲಿ ತಂಗಿದ್ದ ಹೆಚ್ಚಿನವರು ಟವೆಲನ್ನು ಮತ್ತೆ ಬಳಸಿದರು’ ಎಂಬ ಚೀಟಿಗೇ ಅತಿಥಿಗಳು ಹೆಚ್ಚು ಓಗೊಟ್ಟರು. ಆದರೆ ಇದೇ ಸೀಮೆಯ ಮಲ್ಲಳ್ಳಿ ಜಲಪಾತಕ್ಕೆ ಬರುವ ಪ್ರವಾಸಿಗೆ ಅಂಥ ‘ನಮ್ಮವರು’ ಯಾರೂ ಇಲ್ಲ. ಪ್ಲಾಸ್ಟಿಕ್ ಎಸೆಯಬೇಡಿ ಎನ್ನುವ ಫಲಕ ಅವನ ಪಾಲಿಗೆ ಬರೀ ಫಲಕ.

ಊರಿನ ಕಿವಿ, ಮೂಗನ್ನೇ ನಂಬಿರುವುದರಲ್ಲೇ ಕಟ್ಟಿನ ದೌರ್ಬಲ್ಯವೂ ಇದೆ: ಸದ್ದು ಮಾಡದ ಹಾನಿ ಅದರ ಕಣ್ಣಿಗೆ ಬೀಳುವುದಿಲ್ಲ. ಕಳೆನಾಶಕ ಹೊಡೆದರೆ ಯಾವ ಗುಡ್ಡಕ್ಕೂ ಕೇಳುವುದಿಲ್ಲ. ಕಾಡುಮರದ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟವನನ್ನು ಊರು ಪ್ರಶ್ನಿಸುವುದಿಲ್ಲ. ವರ್ಷವಿಡೀ ಕಟ್ಟು ಇರುವ ದೇವರಕಾಡಿನ ಕಥೆಯೂ ಇದೇ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. 1905ರಲ್ಲಿ ಸುಮಾರು 6,200 ಹೆಕ್ಟೇರ್ ಇದ್ದ ಅವುಗಳ ವಿಸ್ತಾರ 1985ರ ಹೊತ್ತಿಗೆ ಸುಮಾರು 2,400ಕ್ಕೆ ಇಳಿದಿತ್ತು. ದೇವರಿಗೆ ಹೆದರಿ ನಡುವಿನ ಮರ ಮುಟ್ಟದ ಊರು, ಅಂಚಿನಲ್ಲಿ ಕಾಫಿ ಗಿಡ ಒಂದೊಂದೇ ಸಾಲು ಒಳಗೆ ಸರಿದಾಗ ಸುಮ್ಮನಿತ್ತು. ಒತ್ತುವರಿ ಮಾಡಿದವನೂ ನೆಂಟನೇ ತಾನೆ! ಗುಂಪಿನ ಅಭಿಮಾನ ಮರವನ್ನು ಕಾಯುವಷ್ಟೇ ನಿಷ್ಠೆಯಿಂದ ಗುಂಪಿನವನನ್ನೂ ಕಾಯುತ್ತದೆ.

ಹಾಗೆಂದು ಕಟ್ಟನ್ನು ತಳ್ಳಿಹಾಕಲಾರೆ. ಕಟ್ಟು ಸಾರುವ ಹಿರಿಯರಲ್ಲಿ ಬಹಳ ಮಂದಿ ತೋಟದವರೇ. ಒಗ್ಗರಣೆ ಬಿಡಿಸಬಲ್ಲವರು ಕಳೆನಾಶಕದ ಕ್ಯಾನನ್ನೂ ಆ ಪಟ್ಟಿಗೆ ಸೇರಿಸಬಲ್ಲರು. ಅರಣ್ಯ ಇಲಾಖೆಯ ಸುತ್ತೋಲೆಗೆ ಅಷ್ಟು ತಾಕತ್ತಿಲ್ಲ.