ನಮ್ಮ ಬರೆಹದಲ್ಲಿ ಮನೋರೋಗಿಯ ಕೂಲಿ

೧

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕೇಳದವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ವಿರಳ. ಒಂದು ಕಾರ್ಯವು ಇನ್ನೊಂದನ್ನೂ, ಆ ಇನ್ನೊಂದು ಮೊದಲನೆಯದನ್ನೂ ಕಾಯುತ್ತ ಎರಡೂ ನಿಂತುಹೋದಾಗ ಹಿರಿಯರು ನಗುತ್ತ ಇದನ್ನು ಆಡುವುದು ವಾಡಿಕೆ. ಗಾದೆಯ ಚಾತುರ್ಯವೆಲ್ಲ ಅದರ ಸುತ್ತುಕಟ್ಟಿನಲ್ಲಿದೆ. ಆದರೆ ಮದುವೆಯ ಸ್ಥಾನದಲ್ಲಿ ಕೆಲಸವನ್ನಿಟ್ಟು ನೋಡಿದರೆ ನಗೆ ಮಾಯವಾಗುತ್ತದೆ. ತೀವ್ರವಾದ ಮನೋರೋಗದಿಂದ ಬಳಲಿ ಚಿಕಿತ್ಸೆ ಪಡೆಯುತ್ತಿರುವವನಿಗೆ ಲೋಕವು ಹೇಳುವುದು ಇದನ್ನೇ: ಪೂರ್ತಿ ಗುಣವಾಗಿ ಬಾ, ಆಮೇಲೆ ಕೆಲಸ. ಕೈಗೆ ಕೆಲಸವೂ ಕೆಲಸಕ್ಕೆ ಕೂಲಿಯೂ ಇಲ್ಲದೆ ಪೂರ್ತಿ ಗುಣವಾಗುವುದು ಹೇಗೆಂದು ಕೇಳುವವರು ಕಡಮೆ. ನಮ್ಮ ಬರೆಹಗಾರರಾದರೂ ಕೇಳಿದ್ದಾರೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮನಸ್ಸಿನ ಬೇನೆಯನ್ನು ಕುರಿತ ಬರೆಹಕ್ಕೆ ಕನ್ನಡದಲ್ಲಿ ಬಡತನವಿಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ವೈದ್ಯರಾದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಮನೋವೈದ್ಯಶಾಸ್ತ್ರದ ಪುಸ್ತಕವೊಂದಕ್ಕೆ ಸಾಹಿತ್ಯದ ಮನ್ನಣೆ ದೊರೆತದ್ದು ಸಾಮಾನ್ಯ ಸಂಗತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ವಿಷಯವನ್ನು ಮನೆಮನೆಯ ಕನ್ನಡದಲ್ಲಿ ನೂರಾರು ಪುಸ್ತಕಗಳಾಗಿ ಬರೆದು, ೨೦೨೪ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಇವರಿಬ್ಬರ ಉಪಕಾರವನ್ನು ಮರೆಯಲಾಗದು. ದೆವ್ವ, ಮಾಟ, ಕರ್ಮ ಎಂಬ ಮಾತುಗಳಿದ್ದ ಕಡೆ ರೋಗ, ಔಷಧ, ಚಿಕಿತ್ಸೆ ಎಂಬ ಮಾತುಗಳನ್ನು ತಂದವರು ಇಂಥವರೇ.

ಕಥನದ ಕಡೆಗೆ ತಿರುಗಿದರೆ ಮೊದಲು ನೆನಪಾಗುವವರು ತ್ರಿವೇಣಿಯವರು. ಅವರ ‘ಶರಪಂಜರ’ ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಲನಚಿತ್ರವಾಗಿ, ಪುಸ್ತಕ ಓದದವರ ಮನಸ್ಸನ್ನೂ ಮುಟ್ಟಿತು. ಹೆರಿಗೆಯ ಬಳಿಕ ಬುದ್ಧಿಭ್ರಮಣೆಗೆ ಒಳಗಾದ ಕಾವೇರಿ ಚಿಕಿತ್ಸೆ ಪಡೆದು ಮನೆಗೆ ಮರಳುತ್ತಾಳೆ. ಅವಳು ಗುಣವಾದಳೆಂಬುದನ್ನು ಮನೆಯಾಗಲಿ ನೆರೆಯಾಗಲಿ ನಂಬುವುದಿಲ್ಲ. ವೈದ್ಯರು ಕಟ್ಟಿಕೊಟ್ಟ ಮನಸ್ಸನ್ನು ಸಮಾಜವು ಮತ್ತೆ ಕೆಡವುತ್ತದೆ. ರೋಗದ ಕಥೆಯು ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲ, ಅಲ್ಲಿಂದಲೇ ಆರಂಭವಾಗುತ್ತದೆ ಎಂಬ ಸತ್ಯವನ್ನು ಕನ್ನಡಿಗರಿಗೆ ಇಷ್ಟು ನಿಷ್ಠುರವಾಗಿ ತೋರಿಸಿದ ಕೃತಿ ಬೇರೊಂದಿಲ್ಲ.

ಆದರೂ ಒಂದು ಮಾತನ್ನು ಹೇಳಬೇಕಾಗಿದೆ. ಕಾವೇರಿ ಉಳ್ಳವರ ಮನೆಯ ಗೃಹಿಣಿ. ಅವಳಿಗೆ ತಪ್ಪಿದ್ದು ಸ್ಥಾನ ಮತ್ತು ವಿಶ್ವಾಸ, ಅನ್ನವಲ್ಲ. ದಿನದ ಕೂಲಿ ನಿಂತರೆ ಒಲೆಯೂ ಆರುವ ಮನೆಯಲ್ಲಿ ಇದೇ ರೋಗ ಬಂದರೆ ಕಥೆಯ ಗತಿ ಏನೆಂಬುದನ್ನು ಕಾದಂಬರಿ ಹೇಳುವುದಿಲ್ಲ. ಹೇಳಬೇಕೆಂದು ಹೊರಟದ್ದೂ ಅಲ್ಲ. ದೋಷವು ತ್ರಿವೇಣಿಯವರದಲ್ಲ. ಅವರು ತೆರೆದ ಬಾಗಿಲಿನಿಂದ ಮುಂದಕ್ಕೆ ನಡೆಯದೆ ಅಲ್ಲಿಯೇ ನಿಂತು ಕಣ್ಣೀರು ಹಾಕುತ್ತಿರುವುದು ನಮ್ಮ ದೋಷ. ಇನ್ನು ತಿಳಿವಳಿಕೆಯ ಪುಸ್ತಕಗಳ ಮಾತು. ಲಕ್ಷಣ, ಕಾರಣ, ಪರಿಹಾರ ಎಂಬುದು ಆ ಜಾತಿಯ ಬರೆಹಕ್ಕೆ ಸಹಜವಾದ ಕ್ರಮ. ಕೆಲಸವೆಂಬುದು ಪರಿಹಾರವೆಲ್ಲ ಮುಗಿದ ಮೇಲೆ ಬರತಕ್ಕ ಫಲವೆಂಬ ಭಾವನೆ ಈ ಕ್ರಮದಿಂದಲೇ ಓದುಗನಲ್ಲಿ ನೆಲೆಗೊಳ್ಳುತ್ತದೆ. ಹೀಗೆ ಗಾದೆಯು ನಗುತ್ತ ಹೇಳಿದ್ದನ್ನೇ ಶಾಸ್ತ್ರವು ಗಂಭೀರವಾಗಿ ಹೇಳಿದಂತಾಗುತ್ತದೆ.

ಹೆಸರುಗಳನ್ನು ಬದಲಾಯಿಸುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಹುಚ್ಚಾಸ್ಪತ್ರೆಯು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. ಅದರ ಸಂತತಿಯೇ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ೧೯೧೨ರ ಲೂನಸಿ ಕಾಯಿದೆ ಹೋಗಿ ೧೯೮೭ರ ಮಾನಸಿಕ ಆರೋಗ್ಯ ಕಾಯಿದೆ ಬಂದಿತು. ಅದೂ ಹೋಗಿ ೨೦೧೭ರದು ಬಂದಿದೆ. ಮಾತು ಸೌಮ್ಯವಾದದ್ದು ಒಳ್ಳೆಯದೇ. ಆದರೆ ಹುಚ್ಚನೆಂದು ಕರೆದು ಕೆಲಸ ಕೊಡದವನಿಗೂ, ಮಾನಸಿಕ ಅಸ್ವಸ್ಥನೆಂದು ಗೌರವದಿಂದ ಕರೆದು ಕೆಲಸ ಕೊಡದವನಿಗೂ ಕೂಲಿಯ ದೃಷ್ಟಿಯಿಂದ ಭೇದವೇನು?

೩

ಇಲ್ಲೊಂದು ಆಕ್ಷೇಪ ಬರಬಹುದು. ನಮ್ಮ ಹಳ್ಳಿಗಳಲ್ಲಿ ಇಂಥವರು ಸುಮ್ಮನೆ ಕೂತಿಲ್ಲವಲ್ಲ, ಏನಾದರೊಂದು ಮಾಡಿಕೊಂಡಿರುತ್ತಾರಲ್ಲ ಎಂದು. ಈ ಆಕ್ಷೇಪ ನಿಜ. ವಿಷಯದ ಗಂಟು ಇರುವುದೂ ಇಲ್ಲಿಯೇ. ಕುರಿ ಕಾಯುವವನು, ಹೋಟೆಲಿಗೆ ನೀರು ಹೊರುವವನು, ಹುಣಸೆಹಣ್ಣಿನ ಬೀಜ ಬಿಡಿಸುವ ಗುಂಪಿನ ಅಂಚಿನಲ್ಲಿ ಕೂತವಳು, ಕಡಲೆಕಾಯಿ ಬಿಡಿಸುವವಳು, ಇವರಲ್ಲಿ ಕೆಲವರ ಕಡೆ ಬೊಟ್ಟು ಮಾಡಿ ‘ಪಾಪ, ತಲೆ ಸರಿಯಿಲ್ಲ, ಊಟಕ್ಕೆ ಇಟ್ಟುಕೊಂಡಿದ್ದೇವೆ’ ಎನ್ನುವುದುಂಟು. ಪಾವಗಡದ ತೆಲುಗು ಮಾತಿನ ಮನೆಗಳಲ್ಲಿ ‘ಪಿಚ್ಚಿ’ ಎಂಬ ಒಂದೇ ಪದದಲ್ಲಿ ಈ ವ್ಯವಹಾರವೆಲ್ಲ ಅಡಗಿದೆ. ಪಕ್ಕದವಳು ಬಿಡಿಸಿದ ಹುಣಸೆಹಣ್ಣಿಗೆ ತೂಕದ ಲೆಕ್ಕದಲ್ಲಿ ದುಡ್ಡು. ಇವಳು ಬಿಡಿಸಿದ್ದಕ್ಕೆ ಮಧ್ಯಾಹ್ನದ ಮುದ್ದೆ. ತಕ್ಕಡಿಯಂತೂ ಇಬ್ಬರ ಹಣ್ಣಿಗೂ ಒಂದೇ ತೂಕ ತೋರಿಸುತ್ತದೆ. ಆದಕಾರಣ ಕೊರತೆಯಿರುವುದು ಕೆಲಸದ್ದಲ್ಲ, ಕೂಲಿಯದು. ನಮ್ಮ ಕಥೆಗಳಲ್ಲಿ ಊಟವಿಕ್ಕುವ ಯಜಮಾನಿಯು ಕರುಣಾಮಯಿಯಾಗಿ ಚಿತ್ರಿತಳಾಗುವುದುಂಟು. ಆ ಕರುಣೆಗೆ ಲೆಕ್ಕ ಹಾಕಿ ನೋಡಿದವರು ಯಾರು?

ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವನ್ನು ನಾವು ಸಭೆಗಳಲ್ಲಿ ಕೊಂಡಾಡುತ್ತೇವೆ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಮಾರಯ್ಯನೂ ಅಲ್ಲಿ ಹಿರಿಯ ಶರಣ. ದುಡಿಮೆ ಕಿರಿದೋ ಹಿರಿದೋ, ನಿಧಾನವೋ ಚುರುಕೋ ಎಂಬುದರಿಂದ ಮನುಷ್ಯನ ಬೆಲೆ ಕಟ್ಟದ ಈ ವಿಚಾರವು ಪ್ರಕೃತ ವಿಷಯಕ್ಕೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದದು. ಆದರೆ ಅದನ್ನು ಇಲ್ಲಿಗೆ ಅನ್ವಯಿಸಿದ ಭಾಷಣಗಳು ವಿರಳ.

೪

ಇನ್ನು ರೋಗದ ಸ್ವರೂಪವನ್ನು ಕುರಿತು ನಾಲ್ಕು ಮಾತು ಅವಶ್ಯ. ಇದನ್ನರಿಯದೆ ಬರೆದ ಬರೆಹವು ಕನಿಕರಕ್ಕಿಂತ ಮುಂದೆ ಹೋಗಲಾರದು. ಸ್ಕಿಜೋಫ್ರೀನಿಯಾ ಎಂಬ ರೋಗದಲ್ಲಿ ಇಲ್ಲದ ದನಿ ಕೇಳುವುದು, ಆಧಾರವಿಲ್ಲದ ಸಂಶಯ ಮೂಡುವುದು ಎಲ್ಲರ ಕಣ್ಣಿಗೂ ಬೀಳುತ್ತವೆ. ಔಷಧದಿಂದ ಇವು ಬಹುಮಟ್ಟಿಗೆ ತಗ್ಗುವುದೂ ಉಂಟು. ಆದರೆ ಉತ್ಸಾಹ ಬತ್ತುವುದು, ಮಾತು ಕಡಮೆಯಾಗುವುದು, ಎದ್ದು ಹೊರಡಲು ಮನಸ್ಸೇ ಬಾರದಿರುವುದು, ಇವು ಔಷಧಕ್ಕೆ ಸುಲಭವಾಗಿ ಬಗ್ಗವು. ರೋಗದ ಈ ಭಾಗವನ್ನೇ ಮನೆಯವರು ಮೈಗಳ್ಳತನವೆಂದು ಬಯ್ಯುವುದು. ಮೇಲಾಗಿ ಕೆಲವು ಮಾತ್ರೆಗಳಿಂದ ಬೆಳಗಿನ ಹೊತ್ತು ಮಂಪರು, ಕೈನಡುಕ, ಮೈಬಿಗಿತ ಬರುತ್ತವೆ. ಬೆಳಗಿನ ತಂಪಿನಲ್ಲೇ ಹೊಲದ ಕೂಲಿ ಹಿಡಿಯಬೇಕಾದ ನಮ್ಮ ಕಡೆಯಲ್ಲಿ ಇದೇ ಸಾಕು, ಒಬ್ಬನು ಕೆಲಸ ಕಳೆದುಕೊಳ್ಳಲು. ವೈದ್ಯರಿಗೆ ತಿಳಿಸಿದರೆ ಮಾತ್ರೆಯ ಹೊತ್ತನ್ನು ರಾತ್ರಿಗೆ ಬದಲಿಸುವುದೋ ಪ್ರಮಾಣವನ್ನು ತಿದ್ದುವುದೋ ಅನೇಕ ವೇಳೆ ಸಾಧ್ಯ. ಉನ್ಮಾದ ಮತ್ತು ಖಿನ್ನತೆ ಒಂದಾದಮೇಲೊಂದು ಬರುವ ರೋಗಕ್ಕೆ ಲಿಥಿಯಂ ಸೇವಿಸುವವನು ಪಾವಗಡದ ಬೇಸಗೆಯಲ್ಲಿ ನೀರಿಲ್ಲದೆ ಬೆವರಿದರೆ, ಆ ಔಷಧವು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಅವನಿಗೆ ನೆರಳೂ ನೀರೂ ಚಿಕಿತ್ಸೆಯ ಭಾಗವೇ ಸರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ರೋಗಿಗಳನ್ನು ನೋಡಬೇಕೆಂದು ಸರ್ಕಾರವು ೨೦೧೪ರಲ್ಲಿ ‘ಮನೋಚೈತನ್ಯ’ ಯೋಜನೆಯನ್ನು ಆರಂಭಿಸಿತು. ಆಸ್ಪತ್ರೆಗೆ ಹೋದ ದಿನದ ಗೈರುಹಾಜರಿಯನ್ನು ಯಜಮಾನನು ಒಪ್ಪದಿದ್ದರೆ ಮಾತ್ರೆಯೋ ಕೂಲಿಯೋ ಎಂಬ ಆಯ್ಕೆ ರೋಗಿಯ ಪಾಲಿಗೆ ಬರುತ್ತದೆ.

ಮೊದಲು ತರಬೇತಿ, ಆಮೇಲೆ ಕೆಲಸ ಎಂಬ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಮೇಣದಬತ್ತಿ, ಲಕೋಟೆ, ಬುಟ್ಟಿಗಳನ್ನು ಮಾಡಿಸುತ್ತ ರೋಗಿಯನ್ನು ವರ್ಷಗಟ್ಟಲೆ ‘ಸಿದ್ಧ’ಪಡಿಸುವುದು ಅದರ ಕ್ರಮ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಎಂಬವರು ೧೯೯೦ರ ದಶಕದ ಆರಂಭದಲ್ಲಿ ಈ ಕ್ರಮವನ್ನು ತಿರುಗುಮುರುಗು ಮಾಡಿದರು. ದುಡಿಯಬೇಕೆಂಬ ಇಚ್ಛೆಯುಳ್ಳವನಿಗೆ ಅವನು ಬಯಸಿದ ಬಗೆಯ ನಿಜವಾದ ಸಂಬಳದ ಕೆಲಸವನ್ನು ಬೇಗನೆ ಹುಡುಕುವುದು. ಕೆಲಸಕ್ಕೆ ಸೇರಿದ ಮೇಲೆ ಸಹಾಯಕನೊಬ್ಬನು ಅವಧಿಯ ಮಿತಿಯಿಲ್ಲದೆ ಬೆನ್ನಿಗಿದ್ದು ಯಜಮಾನನೊಡನೆಯೂ ವೈದ್ಯನೊಡನೆಯೂ ಮಾತಾಡುತ್ತಿರುವುದು. ರೋಗ ಹೆಚ್ಚೆಂಬ ಕಾರಣದಿಂದ ಯಾರನ್ನೂ ಹೊರಗಿಡದಿರುವುದು. ಅನೇಕ ದೇಶಗಳಲ್ಲಿ ಪರೀಕ್ಷಿಸಿದಾಗ, ಈ ಮಾರ್ಗದಲ್ಲಿ ಅರ್ಧಕ್ಕೆ ಮಿಕ್ಕ ಜನರಿಗೂ ಹಳೆಯ ಮಾರ್ಗದಲ್ಲಿ ಸುಮಾರು ಕಾಲುಭಾಗದವರಿಗೂ ಕೆಲಸ ದೊರೆಯಿತೆಂದು ಕಂಡುಬಂದಿದೆ. ಅಂದರೆ ಮದುವೆಯಾದರೇ ಹುಚ್ಚು ಬಿಡುವುದೆಂಬ ಗಾದೆಯ ಎರಡನೆಯ ಅರ್ಧವೇ, ಕೆಲಸದ ಮಟ್ಟಿಗೆ, ಸತ್ಯಕ್ಕೆ ಹತ್ತಿರವಾಯಿತು.

ಇದು ಪರದೇಶದ ಮಾತು, ಹಳ್ಳಿಗೆ ಹೊಂದದು ಎನ್ನುವಂತಿಲ್ಲ. ನಿಮ್ಹಾನ್ಸ್‌ನ ವೈದ್ಯರು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ತರುವಾಯ ನಮ್ಮ ಜಿಲ್ಲೆಯ ತುರುವೇಕೆರೆಯಲ್ಲಿಯೂ ಸ್ಕಿಜೋಫ್ರೀನಿಯಾ ರೋಗಿಗಳನ್ನು ಅವರ ಊರಿನಲ್ಲಿಯೇ ಕಂಡು, ಚಿಕಿತ್ಸೆ ಕೊಡಿಸಿ, ವರ್ಷಗಳವರೆಗೆ ಅವರ ಸ್ಥಿತಿಯನ್ನು ಗಮನಿಸಿದ್ದಾರೆ. ತೀರ್ಥಹಳ್ಳಿಯವರಲ್ಲಿ ಅರ್ಧಕ್ಕೆ ಮಿಕ್ಕವರು ನಾಲ್ಕು ವರ್ಷಗಳ ಬಳಿಕ ತಕ್ಕಮಟ್ಟಿಗೆ ಚೆನ್ನಾಗಿ ದುಡಿಯುತ್ತಿದ್ದರು. ೧೯೬೦ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರಂಭಿಸಿದ ಅಧ್ಯಯನದಲ್ಲಿ ಆಗ್ರಾದ ರೋಗಿಗಳು ಸಿರಿವಂತ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಕುಟುಂಬವೂ ಬೇಸಾಯವೂ ಅವರಿಗೆ ಒದಗಿಸಿದ ಸ್ಥಾನವೇ ಕಾರಣವೆಂದು ಕೆಲವರು, ಅಷ್ಟು ಸುಲಭವಾಗಿ ಹೇಳಲಾಗದೆಂದು ಕೆಲವರು ವಾದಿಸಿದ್ದಾರೆ. ವಾದವೇನೇ ಇರಲಿ, ಬೇಸಾಯವು ಕೊಡುತ್ತಿದ್ದ ಎಡೆ ಕಿರಿದಾಗುತ್ತಿದೆ. ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆ ನೆಲವು ಸೂರ್ಯವಿದ್ಯುತ್ತಿನ ಫಲಕಗಳ ಕೆಳಗಿದೆ. ಜಮೀನಿದ್ದವರಿಗೆ ಗುತ್ತಿಗೆಯ ಹಣ ಬರುತ್ತದೆ. ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದವರಿಗೆ ಬರುವುದಿಲ್ಲ. ನಿಧಾನವಾಗಿ ದುಡಿಯುವವನನ್ನು ಸಹಿಸಿಕೊಳ್ಳುತ್ತಿದ್ದ ಹೊಲವು ಹೋದ ಮೇಲೆ, ಗಂಟೆ ಹೊಡೆದು ಕೆಲಸ ತೆಗೆಯುವ ಕಾರ್ಖಾನೆ ಅವನನ್ನು ತಾನಾಗಿಯೇ ಸಹಿಸೀತೆ? ನಡುವೆ ನಿಂತು ಮಾತಾಡುವವನೊಬ್ಬನ ಅಗತ್ಯವು ಈಗಲೇ ಹೆಚ್ಚು.

೫

ಕಾನೂನು ಈ ವಿಷಯದಲ್ಲಿ ಸಾಹಿತ್ಯಕ್ಕಿಂತ ಮುಂದಿದೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ೧೮೭೨ರ ಕರಾರು ಕಾಯಿದೆಯೇ, ಸಾಮಾನ್ಯವಾಗಿ ಅಸ್ವಸ್ಥಚಿತ್ತನಾಗಿದ್ದವನೂ ಚಿತ್ತ ಸ್ವಸ್ಥವಾಗಿರುವ ಕಾಲದಲ್ಲಿ ಕರಾರು ಮಾಡಿಕೊಳ್ಳಬಹುದೆಂದು ಒಪ್ಪಿತು. ಒಂದೇ ಮನುಷ್ಯನಲ್ಲಿ ಬೇನೆಯ ದಿನಗಳೂ ಬಾಳುವೆಯ ದಿನಗಳೂ ಇರುತ್ತವೆಂಬ ಈ ತಿಳಿವು ನಮ್ಮ ಕಥೆಗಳಿಗೆ ಇನ್ನೂ ಪೂರ್ತಿ ಬಂದಿಲ್ಲ. ಅಲ್ಲಿ ಹುಚ್ಚನು ಮೊದಲಿಂದ ಕೊನೆಯವರೆಗೂ ಹುಚ್ಚನೇ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮನೋರೋಗವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಮೀಸಲಾದ ಶೇಕಡ ೪ರಲ್ಲಿ ಶೇಕಡ ೧ನ್ನು ಮನೋರೋಗ, ಬುದ್ಧಿಮಾಂದ್ಯ, ಆಟಿಸಂ ಮೊದಲಾದವುಗಳಿಗೆ ಒಟ್ಟಾಗಿ ಇಟ್ಟಿದೆ. ಅದಕ್ಕೆ ಶೇಕಡ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಂಟೆಂಬ ಪ್ರಮಾಣಪತ್ರ ಬೇಕು. ನೌಕರಿಯಲ್ಲಿರುವಾಗ ಬೇನೆ ಬಿದ್ದ ಸರ್ಕಾರಿ ನೌಕರನನ್ನು ಆ ಕಾರಣಕ್ಕಾಗಿ ತೆಗೆದುಹಾಕಬಾರದು, ಆ ಹುದ್ದೆ ನಡೆಸಲಾರನಾದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕೆಂದೂ ಅದು ವಿಧಿಸುತ್ತದೆ. ಕೆಲಸ ಉಳಿಸಿಕೊಳ್ಳುವುದು ದೊರಕಿಸಿಕೊಳ್ಳುವುದಕ್ಕಿಂತ ಕಷ್ಟವೆಂದು ಬಲ್ಲವರಿಗೆ ಈ ವಿಧಿಯ ಬೆಲೆ ತಿಳಿದೀತು.

ಆದರೆ ಪ್ರಮಾಣಪತ್ರವನ್ನು ಕೇಳಲು ಮನೆಯವರು ಅಂಜುತ್ತಾರೆ. ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಭಯ. ಅಲ್ಲದೆ ನಮ್ಮ ನಾಲ್ಕು ತಾಲ್ಲೂಕುಗಳ ದುಡಿಮೆಯ ಬಹುಭಾಗವು ಸರ್ಕಾರದ ಕಚೇರಿಗಳಲ್ಲಿಲ್ಲ. ಹೊಲದಲ್ಲಿ, ಮಂಡಿಯಲ್ಲಿ, ಹೋಟೆಲಿನಲ್ಲಿ, ಅಂಗಡಿಯಲ್ಲಿ ಇದೆ. ಅಲ್ಲಿ ಮೀಸಲಾತಿ ನಡೆಯದು. ಒಬ್ಬ ಯಜಮಾನನ ಮನಸ್ಸು ನಡೆಯುತ್ತದೆ. ಆ ಯಜಮಾನರು ಈ ಪತ್ರಿಕೆಯನ್ನು ಓದುವಂಥ ಮನೆಗಳಲ್ಲಿಯೇ ಇದ್ದಾರೆ. ಅವರಿಂದ ಬೇಕಾದದ್ದು ಬಹಳವಲ್ಲ. ಮೊದಲು ಅರ್ಧ ದಿನದ ಕೆಲಸ; ಮಾಡಿದ ಕೆಲಸಕ್ಕೆ ಎಲ್ಲರಿಗೂ ಕೊಡುವ ದರದಲ್ಲಿಯೇ ಕೂಲಿ; ಕೂಲಿಯು ಅಣ್ಣನ ಕೈಗಲ್ಲ, ದುಡಿದವನ ಕೈಗೇ; ಆಸ್ಪತ್ರೆಗೆ ಹೋಗುವ ದಿನ ರಜೆ; ನಿದ್ದೆ ಕೆಟ್ಟು ಬೇನೆ ಮರುಕಳಿಸುವ ಸೂಚನೆ ಕಂಡರೆ ಯಾರಿಗೆ ತಿಳಿಸಬೇಕೆಂಬ ಒಪ್ಪಂದ; ಚೇತರಿಸಿ ಬಂದಾಗ ಅದೇ ಜಾಗ. ಬಾಣಂತನಕ್ಕೆ ಹೋದವಳಿಗೆ, ಕಾಲು ಮುರಿದವನಿಗೆ ನಾವು ಜಾಗ ಕಾಯ್ದಿಡುವುದಿಲ್ಲವೇ?

ಇನ್ನು ಬರೆಹಗಾರರಲ್ಲಿ ಒಂದು ವಿಜ್ಞಾಪನೆ. ನಮಗೆ ಹುಚ್ಚಿನ ಕಥೆಗಳು ಇನ್ನು ಸಾಕು. ಚೇತರಿಸಿಕೊಳ್ಳುತ್ತಿರುವವನ ಕಥೆಗಳು ಬೇಕು. ಮಾತ್ರೆಯ ಮಂಪರಿನಲ್ಲಿಯೇ ಎದ್ದು ಬಸ್ಸು ಹಿಡಿಯುವವನನ್ನು, ಅವನು ತಡವಾಗಿ ಬಂದನೆಂದು ಗೊಣಗುವ ಮೇಸ್ತ್ರಿಯನ್ನು, ಅವನ ದುಡ್ಡಿನಿಂದ ಬಂದ ಸೊಪ್ಪನ್ನು ಮೊದಲ ಸಲ ಅಡಿಗೆಗೆ ಹಚ್ಚುವ ತಾಯಿಯನ್ನು ಚಿತ್ರಿಸಿದ ಕಥೆಯೊಂದು ಈ ಸೀಮೆಯಿಂದ ಬರಲಿ. ಆ ಕಥೆಯಲ್ಲಿ ರೋಗದ ಹೆಸರು ಒಮ್ಮೆ ಬಂದರೆ ಸಾಕು. ಕೂಲಿ ಎಷ್ಟೆಂಬುದನ್ನು ಮಾತ್ರ ಬರೆಯಲು ಮರೆಯಬಾರದು.